28 ಸೆಕೆಂಡ್, 26 ಅಂಕಿ: ಶಕುಂತಲಾ ದೇವಿಯವರ ಆ ಸಂಖ್ಯೆ ಸರಿನಾ? ನಾವೇ ನೋಡೋಣ

ಬಸ್ಸಲ್ಲಿ ಕೂತು ಕೇಳ್ತಾ ಇರೋರಿಗೆ, ಅಡುಗೆಮನೆಯಲ್ಲಿ ಫೋನ್ ಒರಗಿಸಿಟ್ಟು ಕೇಳ್ತಾ ಇರೋರಿಗೆ, ಪರೀಕ್ಷೆಗೆ ಓದ್ತಾ ಇದೀನಿ ಅಂತ ಮನೆಯವರಿಗೆ ಹೇಳಿ ಇದನ್ನ ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ. ಈ ಸಲ ರೂಮಿನೊಳಗೆ ಕೂತು ಮಾತಾಡ್ತಾ ಇಲ್ಲ. ಮುಂಡಗೋಡ ತಾಲ್ಲೂಕಿನ ಸನವಳ್ಳಿಯಲ್ಲಿ, ಜಲಾಶಯದ ದಂಡೆ ಮೇಲೆ ಕೂತಿದೀನಿ. ನಡುವೆ ಗಾಳಿ ಸದ್ದು, ಬೈಕ್ ಸದ್ದು ಬಂದ್ರೆ ಸ್ವಲ್ಪ ಹೊಂದಿಕೊಳ್ಳಿ.

ಪಕ್ಕದಲ್ಲಿ ನನ್ನ ಅಕ್ಕನ ಮಗಳು ಕೂತಿದಾಳೆ. ಎಸ್ಸೆಸ್ಸೆಲ್ಸಿ ಮುಗಿಸಿದಾಳೆ. ಪಿಯುಸಿಗೆ ಯಾವ ವಿಷಯ ತಗೋಬೇಕು ಅನ್ನೋ ಜಗಳ ಮನೆಯಲ್ಲಿ ಎರಡು ವಾರದಿಂದ ನಡೀತಾ ಇದೆ. ಗಣಿತ ಬೇಡವೇ ಬೇಡ ಅಂತ ಅವಳ ಹಟ. ಮೊನ್ನೆ ಶಕುಂತಲಾ ದೇವಿ ಸಿನಿಮಾ ನೋಡಿದ ಮೇಲಂತೂ ಹಟ ಇನ್ನೂ ಗಟ್ಟಿಯಾಯ್ತು. "ನೋಡ್ ಮಾಮಾ, ಅದೆಲ್ಲಾ ಗಾಡ್ ಗಿಫ್ಟ್. ಹುಟ್ಟಾ ಬಂದಿರ್ತೈತಿ. ನಮ್ಮಂಥವ್ರಿಗೆ ಬರೂದಲ್ಲ" ಅಂದ್ಲು.

ಹತ್ತು ವರ್ಷದ ಹಿಂದೆ ನಾನೂ ಇದನ್ನೇ ಅಂದಿದ್ದೆ. ಗಣಿತದ ಹೆದರಿಕೆಗೆ ಕಾಮರ್ಸ್ ತಗೊಂಡೋನು ನಾನು. ಅಲ್ಲಿ ಹೋಗಿ ನೋಡಿದ್ರೆ ಅಂಕಿಗಳು ನನಗಿಂತ ಮೊದಲೇ ಬಂದು ಕೂತಿದ್ವು! ಆ ಕಥೆ ಆಮೇಲೆ ಹೇಳ್ತೀನಿ. ಮೊದಲು ಇವತ್ತಿನ ಸಂಖ್ಯೆ.

1980ರ ಜೂನ್ 18. ಲಂಡನ್‌ನ ಇಂಪೀರಿಯಲ್ ಕಾಲೇಜು. ಅಲ್ಲಿನ ಕಂಪ್ಯೂಟರ್ ವಿಭಾಗದವರು ಮನಸ್ಸಿಗೆ ಬಂದ ಹಾಗೆ ಎರಡು ಸಂಖ್ಯೆ ಆರಿಸಿಕೊಟ್ರು. ಒಂದೊಂದರಲ್ಲೂ 13 ಅಂಕಿ. ಮೊದಲನೆಯದು 7,686,369,774,870. ಎರಡನೆಯದು 2,465,099,745,779. ಇವೆರಡನ್ನೂ ಗುಣಿಸಬೇಕು. ಪೆನ್ನಿಲ್ಲ, ಕಾಗದ ಇಲ್ಲ. ಬೆಂಗಳೂರಲ್ಲಿ ಹುಟ್ಟಿದ, ಕ್ರಮವಾಗಿ ಶಾಲೆಗೆ ಹೋಗಿ ಓದಿರದ ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಉತ್ತರ ಹೇಳಿದ್ರು:

18,947,668,177,995,426,462,773,730.

1982ರ ಗಿನ್ನೆಸ್ ಪುಸ್ತಕದಲ್ಲಿ ಇದು ದಾಖಲಾಯ್ತು. ಅವರು 2013ರ ಏಪ್ರಿಲ್‌ನಲ್ಲಿ ತೀರಿಕೊಂಡ್ರು. ಗಿನ್ನೆಸ್‌ನ ಅಧಿಕೃತ ಪ್ರಮಾಣಪತ್ರ ಬಂದಿದ್ದು 2020ರಲ್ಲಿ, ಅವರು ಹೋಗಿ ಏಳು ವರ್ಷದ ಮೇಲೆ. ಈ 28 ಸೆಕೆಂಡನ್ನ ನಂಬೋದು ಕಷ್ಟ ಅಂದವರೂ ಇದ್ದಾರೆ. ಯಾಕಂದ್ರೆ ಶಾಲೆಯಲ್ಲಿ ಕಲಿತ ರೀತಿಯಲ್ಲೇ ಮಾಡಿದ್ರೆ 13 ಸಲ 13, ಒಟ್ಟು 169 ಸಣ್ಣ ಗುಣಾಕಾರ ಆಗ್ಬೇಕು. 28 ಸೆಕೆಂಡಿಗೆ 169 ಅಂದ್ರೆ ಸೆಕೆಂಡಿಗೆ ಆರು. ಅದರ ಮೇಲೆ ಕೂಡೋದು ಬೇರೆ.

ಸೆಕೆಂಡಿನ ವಾದ ಹಾಗಿರಲಿ. ನನಗೆ ಬಂದ ಪ್ರಶ್ನೆ ಬೇರೆ: ಆ ಉತ್ತರ ಸರಿ ಇದೆಯಾ ಅಂತ ಸನವಳ್ಳಿಯಲ್ಲಿ ಕೂತಿರೋ ನನಗೆ ಹೇಗೆ ಗೊತ್ತಾಗ್ಬೇಕು?

ನಿಮ್ಮ ಫೋನ್ ತೆಗೆದು ಕ್ಯಾಲ್ಕುಲೇಟರ್‌ನಲ್ಲಿ ಗುಣಿಸಿ ನೋಡಿ. ಬಹಳಷ್ಟು ಫೋನ್‌ಗಳು 1.8947 ಅಂತ ಶುರು ಮಾಡಿ, ಕೊನೆಗೆ 'ಇ' ಅಂತ ಒಂದು ಅಕ್ಷರ, ಪಕ್ಕದಲ್ಲಿ 25 ತೋರಿಸಿ ಸುಮ್ಮನಾಗ್ತವೆ. ಅಂದ್ರೆ ಹೆಚ್ಚುಕಮ್ಮಿ ಇಷ್ಟು ದೊಡ್ಡದು ಅಂತ ಅರ್ಥ. ಕೊನೆಯ ಅಂಕಿಗಳನ್ನ ಅದು ತೋರಿಸೋದೇ ಇಲ್ಲ.

ಎಷ್ಟು ದೊಡ್ಡದು ಅಂತ ಮೊದಲು ನೋಡೋಣ. ನಮ್ಮ ಲೆಕ್ಕದಲ್ಲಿ ಹೇಳಿದ್ರೆ ಸುಮಾರು 18,947 ಕೋಟಿ ಕೋಟಿ ಕೋಟಿ. ಮೂರು ಸಲ ಕೋಟಿ, ತಪ್ಪಿ ಹೇಳಿದ್ದಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಅನ್ನೋ ಗಣಿತಜ್ಞ 'ಗಣಿತಸಾರಸಂಗ್ರಹ' ಬರೆದ. ಏಕ, ದಶ, ಶತದಿಂದ ಶುರು ಮಾಡಿ ಮಹಾಕ್ಷೋಭದ ತನಕ 24 ಸ್ಥಾನಗಳಿಗೆ ಅವನು ಹೆಸರು ಕೊಟ್ಟಿದ್ದಾನೆ. ಶಕುಂತಲಾ ದೇವಿಯವರ ಉತ್ತರದಲ್ಲಿ 26 ಅಂಕಿ. ಮಹಾವೀರನ ಪಟ್ಟಿ ಮುಗಿದ ಮೇಲೂ ಎರಡು ಸ್ಥಾನ ಬಾಕಿ!

ಹಾಗಂತ ಇದು ಆಕಾಶದಲ್ಲಿರೋ ಸಂಖ್ಯೆ ಅಂದ್ಕೋಬೇಡಿ. ನನ್ನ ಮುಂದೆ ಈ ಜಲಾಶಯದ ನೀರಿದೆ. ಇದರಿಂದ ಅರ್ಧ ಲೀಟರ್ ಬಾಟಲಿ ತುಂಬಿಸಿ, ಮೇಲೆ ಇನ್ನೆರಡು ಗುಟುಕು ಸೇರಿಸಿ, ಒಟ್ಟು ಸುಮಾರು 567 ಮಿಲಿಲೀಟರ್ ಆಗಲಿ. ಅಷ್ಟು ನೀರಿನಲ್ಲಿ ಎಷ್ಟು ಅಣುಗಳಿವೆಯೋ, ಹೆಚ್ಚುಕಮ್ಮಿ ಅಷ್ಟೇ ಈ ಸಂಖ್ಯೆ. ಅಣುವನ್ನ ಎಣಿಸಿದ್ರೆ ಕೈಯಲ್ಲಿರೋ ಬಾಟಲಿಯೇ ಕೋಟಿ ಕೋಟಿ ಕೋಟಿ.

ಈಗ ಪರೀಕ್ಷೆ. ಫೋನ್‌ಗೆ ಆಗದ್ದನ್ನ ನಾವು ಕೂಡೋ ಲೆಕ್ಕದಲ್ಲಿ ಮಾಡ್ತೀವಿ. ಇಲ್ಲೇ ನನ್ನ ಕಥೆ ಬರೋದು.

ಡಿಗ್ರಿ ಮುಗಿದ ಹೊಸದರಲ್ಲಿ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದ್ದೆ. ಗೋವಿನಜೋಳದ ಸುಗ್ಗಿ. ಅಂಗಡಿ ತುಂಬಾ ಚೀಲ, ರೈತರು, ಗದ್ದಲ. ಒಂದು ಸಂಜೆ ಗಲ್ಲಾಪೆಟ್ಟಿಗೆ ಎಣಿಸಿದ್ರೆ 1,800 ರೂಪಾಯಿ ಕಮ್ಮಿ. ಗಲ್ಲಾದ ಹತ್ತಿರ ಕೂರ್ತಿದ್ದ ಹುಡುಗ ನನಗಿಂತ ಸಣ್ಣೋನು. ಎಲ್ಲರ ಕಣ್ಣೂ ಅವನ ಮೇಲೆ ಹೋಯ್ತು. ಯಾರೂ ಬಾಯಿಬಿಟ್ಟು ಕಳ್ಳ ಅನ್ನಲಿಲ್ಲ. ಆದ್ರೆ ಎರಡು ದಿನ ಅವನ ಜೊತೆ ಯಾರೂ ಚಹಾ ಕುಡಿಯೋಕೆ ಹೋಗಲಿಲ್ಲ, ನಾನೂ ಸೇರಿ. ಕೊನೆಗೆ ಅವನೇ ಬಂದು "ನನ್ನ ಪಗಾರದಾಗ ಹಿಡ್ಕೊಳ್ರಿ, ಆದ್ರ ನಾ ತಗೊಂಡಿಲ್ಲ" ಅಂದ.

ಆಗ ಹಳೇ ಗುಮಾಸ್ತರು ಒಬ್ಬರು ನನ್ನ ಕರೆದ್ರು. "ತಮ್ಮಾ, 1,800ಕ್ಕ ಒಂಬತ್ತು ಹೋಗ್ತೈತೇನು ನೋಡು." ಹೋಗುತ್ತೆ, ಒಂಬತ್ತು ಇನ್ನೂರಲೆ 1,800. "ಹಂಗಾದ್ರ ಗಲ್ಲಾ ನೋಡಬ್ಯಾಡ, ನಿನ್ನ ಪುಸ್ತಕ ನೋಡು. ಸಾವಿರದ ಮನಿ, ನೂರರ ಮನಿ, ಎರಡು ಅಂಕಿ ತಿರುವು ಮುರುವು ಆಗಿರಬೇಕು. ಅವೆರಡರ ನಡುವ ಎರಡರ ಅಂತರ ಇರ್ತೈತಿ."

ಅರ್ಧ ಗಂಟೆಯಲ್ಲಿ ಸಿಕ್ತು. ರೈತರೊಬ್ಬರಿಗೆ ಕೊಟ್ಟಿದ್ದು 48,600. ಪುಸ್ತಕದಲ್ಲಿ ನಾನು ಬರೆದಿದ್ದು 46,800. ಎಂಟು, ಆರು ಅದಲುಬದಲು. ತಪ್ಪು ನನ್ನದು, ಎರಡು ದಿನ ಶಿಕ್ಷೆ ಅನುಭವಿಸಿದ್ದು ಆ ಹುಡುಗ. ಕ್ಷಮೆ ಕೇಳಿದೆ. "ಆಯ್ತು ಬಿಡ್ರಿ" ಅಂದ, ಆದ್ರೆ ನನ್ನ ಮುಖ ನೋಡಲಿಲ್ಲ. ಗಣಿತ ನನಗೆ ಸಂಬಂಧ ಇಲ್ಲದ್ದು ಅಂತ ಅಂದುಕೊಳ್ಳೋದನ್ನ ನಾನು ಆವತ್ತೇ ಬಿಟ್ಟೆ.

ಗುಮಾಸ್ತರಿಗೆ ಅದು ಹೇಗೆ ಗೊತ್ತಾಯ್ತು? ಮಾಟ ಏನಿಲ್ಲ. ಹತ್ತು ಚೀಲವನ್ನ ಒಂಬತ್ತು ಜನಕ್ಕೆ ಸಮ ಹಂಚಿದ್ರೆ ಒಂದು ಉಳಿಯುತ್ತೆ. ನೂರು ಚೀಲ ಹಂಚಿದ್ರೂ ಒಂದೇ ಉಳಿಯೋದು, 99 ಹೋಗಿ. ಸಾವಿರಕ್ಕೂ ಒಂದೇ. ಹಾಗಾಗಿ ಎಂಟು ಸಾವಿರ ಹಂಚಿದ್ರೆ ಎಂಟು ಉಳಿಯುತ್ತೆ, ಎಂಟು ನೂರು ಹಂಚಿದ್ರೂ ಎಂಟೇ. ಅಂಕಿ ಯಾವ ಮನೆಯಲ್ಲಿದೆ ಅನ್ನೋದು ಒಂಬತ್ತಕ್ಕೆ ಬೇಕಿಲ್ಲ, ಅಂಕಿ ಯಾವುದು ಅನ್ನೋದಷ್ಟೇ ಬೇಕು. ಅದಕ್ಕೇ ಒಂದು ಸಂಖ್ಯೆಯ ಎಲ್ಲಾ ಅಂಕಿ ಕೂಡಿಸಿದ್ರೆ, ಒಂಬತ್ತರಿಂದ ಭಾಗಿಸಿದಾಗ ಉಳಿಯೋದು ಎಷ್ಟು ಅಂತ ಸಿಗುತ್ತೆ. ಅಂಕಿ ಅದಲುಬದಲಾದ ಎರಡು ಸಂಖ್ಯೆಗಳಲ್ಲಿ ಉಳಿಯೋದು ಒಂದೇ ಆಗಿರೋದ್ರಿಂದ ಅವುಗಳ ವ್ಯತ್ಯಾಸಕ್ಕೆ ಒಂಬತ್ತು ಹೋಗಲೇಬೇಕು.

ಇದನ್ನೇ ಶಕುಂತಲಾ ದೇವಿಯವರ ಸಂಖ್ಯೆಗೆ ಹಾಕೋಣ. ಕಾಗದ ಇದ್ರೆ ತಗೊಳ್ಳಿ, ಬಸ್ಸಲ್ಲಿದ್ರೆ ಸುಮ್ಮನೆ ಕೇಳಿ.

ಮೊದಲ ಸಂಖ್ಯೆಯ ಅಂಕಿಗಳನ್ನ ಕೂಡಿಸಿದ್ರೆ 78. ಏಳು, ಎಂಟು ಕೂಡಿಸಿ, 15. ಒಂದು, ಐದು, 6. ಎರಡನೆಯದರಲ್ಲಿ 74 ಬರುತ್ತೆ. ಏಳು, ನಾಲ್ಕು, 11. ಒಂದು, ಒಂದು, 2. ಈಗ ಆರು ಎರಡಲೆ 12, ಕೂಡಿಸಿದ್ರೆ 3. ಹಾಗಾದ್ರೆ ಉತ್ತರದ ಅಂಕಿಗಳನ್ನ ಕೂಡಿಸ್ತಾ ಹೋದ್ರೂ ಕೊನೆಗೆ 3 ಬರಬೇಕು. 26 ಅಂಕಿ ಕೂಡಿಸಿ: 138. ಒಂದು, ಮೂರು, ಎಂಟು, 12. ಒಂದು, ಎರಡು, 3. ಬಂತು!

ಆದ್ರೆ ಇಷ್ಟಕ್ಕೇ ಖುಷಿ ಪಡೋ ಹಾಗಿಲ್ಲ. ನನ್ನ ಥರದವನು ಯಾರೋ ಈ ಉತ್ತರ ಬರೆದುಕೊಳ್ಳುವಾಗ ಎರಡು ಅಂಕಿ ತಿರುಗಿಸಿದ್ರೆ? ಮೊತ್ತ ಆಗಲೂ 138. ಒಂಬತ್ತರ ಪರೀಕ್ಷೆ ಪಾಸ್. ಅಂಗಡಿಯಲ್ಲಿ ನನ್ನ ತಪ್ಪು ಹಿಡಿದಿದ್ದು ಒಂಬತ್ತೇ, ನಿಜ. ಆದ್ರೆ ಅಲ್ಲಿ ನಮ್ಮ ಕೈಯಲ್ಲಿ ವ್ಯತ್ಯಾಸ ಇತ್ತು, 1,800. ಇಲ್ಲಿ ಇರೋದು ಉತ್ತರ ಮಾತ್ರ. ಹಾಗಾಗಿ ಇನ್ನೊಬ್ಬ ಕಾವಲುಗಾರ ಬೇಕು. ಅವನೇ ಹನ್ನೊಂದು.

ಹತ್ತು ಅಂದ್ರೆ ಹನ್ನೊಂದಕ್ಕೆ ಒಂದು ಕಮ್ಮಿ. ನೂರು ಅಂದ್ರೆ 99ಕ್ಕೆ ಒಂದು ಜಾಸ್ತಿ. ಸಾವಿರ ಅಂದ್ರೆ 1,001ಕ್ಕೆ ಒಂದು ಕಮ್ಮಿ. 99 ಮತ್ತೆ 1,001 ಎರಡಕ್ಕೂ ಹನ್ನೊಂದು ಹೋಗುತ್ತೆ. ಹೀಗೆ ಒಂದು ಮನೆ ಜಾಸ್ತಿ, ಒಂದು ಮನೆ ಕಮ್ಮಿ. ಅದಕ್ಕೆ ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿಸಬೇಕು. ಬಿಟ್ಟವನ್ನ ಬೇರೆ ಕೂಡಿಸಬೇಕು. ಎರಡೂ ಮೊತ್ತದ ವ್ಯತ್ಯಾಸ ಸೊನ್ನೆ ಆದ್ರೆ, ಇಲ್ಲಾ ಅದಕ್ಕೆ ಹನ್ನೊಂದು ಹೋದ್ರೆ, ಇಡೀ ಸಂಖ್ಯೆಗೂ ಹನ್ನೊಂದು ಹೋಗುತ್ತೆ.

ಇದನ್ನ ನಾನು ಮಾಡಲಿಲ್ಲ. ಅಕ್ಕನ ಮಗಳ ಕೈಗೆ ನೋಟ್‌ಬುಕ್ ಕೊಟ್ಟು ಸುಮ್ಮನೆ ಕೂತೆ. ಎರಡನೇ ಸಂಖ್ಯೆ, 2,465,099,745,779, ತಗೊಂಡ್ಲು. ಒಂದು ಗುಂಪು 37 ಬಂತು. ಇನ್ನೊಂದು ಗುಂಪೂ 37. ತಲೆ ಎತ್ತಿ ನನ್ನ ನೋಡಿದ್ಲು. ಅಂದ್ರೆ ಈ ಸಂಖ್ಯೆಗೆ ಹನ್ನೊಂದು ಹೋಗುತ್ತೆ. ಕಂಪ್ಯೂಟರ್ ವಿಭಾಗದವರು ಸುಮ್ಮನೆ ಆರಿಸಿದ ಸಂಖ್ಯೆ ಹನ್ನೊಂದರ ಮಗ್ಗಿಯಲ್ಲಿ ಬಂದುಬಿಟ್ಟಿದೆ!

ಗುಣಿಸೋ ಎರಡು ಸಂಖ್ಯೆಗಳಲ್ಲಿ ಒಂದಕ್ಕೆ ಹನ್ನೊಂದು ಹೋದ್ರೆ, ಗುಣಲಬ್ಧಕ್ಕೂ ಹೋಗಲೇಬೇಕು. ಸರಿ, ದೊಡ್ಡದಕ್ಕೆ ಕೈ ಹಾಕಿದ್ಲು. ಬಲಗಡೆಯಿಂದ ಸೊನ್ನೆ, ಏಳು, ಏಳು, ಎರಡು ಅಂತ ಬಿಟ್ಟು ಬಿಟ್ಟು ಕೂಡಿಸಿದ್ಲು. 69. ಬಿಟ್ಟಿದ್ದನ್ನ ಕೂಡಿಸಿದ್ಲು. ಎರಡು ನಿಮಿಷ ಮಾತಿಲ್ಲ. ಆಮೇಲೆ "ಮಾಮಾ! ಇದೂ 69!"

ಅಲ್ಲಿ 37, 37. ಇಲ್ಲಿ 69, 69. ಸರಿಸಮ. ಈಗ ಕೊನೆಯ 730ರಲ್ಲಿ ಏಳು, ಮೂರನ್ನ ತಿರುಗಿಸಿ 370 ಅಂತ ಬರೆದ್ರೆ? ಮೊತ್ತ ಅದೇ 138, ಒಂಬತ್ತಕ್ಕೆ ಏನೂ ಗೊತ್ತಾಗಲ್ಲ. ಆದ್ರೆ ಗುಂಪುಗಳು 65, 73 ಆಗ್ತವೆ. ವ್ಯತ್ಯಾಸ ಎಂಟು. ಹನ್ನೊಂದು ಹೋಗಲ್ಲ, ಕಳ್ಳ ಸಿಕ್ಕಿಬಿದ್ದ.

ಒಂದು ವಿಷಯ ಸರಿಯಾಗಿ ಹೇಳಿಬಿಡ್ತೀನಿ. ಈ ಎರಡು ಪರೀಕ್ಷೆ ಪಾಸಾದ್ರೆ ಉತ್ತರ ಖಂಡಿತ ಸರಿ ಅಂತ ಅಲ್ಲ. ತಪ್ಪು ಉತ್ತರವೊಂದು ಒಂಬತ್ತನ್ನೂ ಹನ್ನೊಂದನ್ನೂ ಕಣ್ತಪ್ಪಿಸಿ ಬರೋ ಸಾಧ್ಯತೆ ಸುಮಾರು 99ರಲ್ಲಿ ಒಂದು. ಹಾಗಾಗಿ ನಾನು ಏಳು ಮತ್ತೆ ಹದಿಮೂರರಿಂದಲೂ ನೋಡಿದೆ. ಎರಡರಲ್ಲೂ ಉಳಿಕೆ ಹೊಂದಿಕೊಳ್ತು. ಎಲ್ಲಾ ನೋಟ್‌ಬುಕ್ಕಿನ ಎರಡು ಪುಟದಲ್ಲಿ.

ಇಷ್ಟರಲ್ಲೇ ಆ ಸಂಖ್ಯೆಯ ಸ್ವಭಾವವೂ ನಮಗೆ ಗೊತ್ತಾಗಿದೆ ನೋಡಿ. ಕೊನೆಗೆ ಸೊನ್ನೆ ಇದೆ, ಎರಡೂ ಹೋಗುತ್ತೆ, ಐದೂ ಹೋಗುತ್ತೆ. ಕೊನೆಯ ಎರಡಂಕಿ 30, ಹಾಗಾಗಿ ನಾಲ್ಕೂ ಹೋಗಲ್ಲ, ಇಪ್ಪತ್ತೈದೂ ಹೋಗಲ್ಲ. ಮೂರು ಹೋಗುತ್ತೆ, ಒಂಬತ್ತು ಹೋಗಲ್ಲ. ಹನ್ನೊಂದು ಹೋಗುತ್ತೆ. ಎರಡು, ಮೂರು, ಐದು, ಹನ್ನೊಂದು ಗುಣಿಸಿದ್ರೆ 330. ಅಂದ್ರೆ ಈ ಸಂಖ್ಯೆಯನ್ನ 330 ಜನಕ್ಕೆ ಒಂದೂ ಉಳಿಯದ ಹಾಗೆ ಹಂಚಬಹುದು. ಇದು ಯಾವ ಸಂಖ್ಯೆಯ ವರ್ಗವೂ ಅಲ್ಲ. ವರ್ಗ ಸಂಖ್ಯೆ ಸೊನ್ನೆಯಲ್ಲಿ ಮುಗಿಯೋದಾದ್ರೆ ಕನಿಷ್ಠ ಎರಡು ಸೊನ್ನೆ ಬೇಕು, ಇಲ್ಲಿರೋದು ಒಂದೇ.

ಈಗ ಇದಕ್ಕಿಂತ ದೊಡ್ಡದು. 1977, ಅಮೆರಿಕದ ಡಲ್ಲಾಸ್, ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. 201 ಅಂಕಿಯ ಒಂದು ಸಂಖ್ಯೆ ಕೊಟ್ಟು ಅದರ 23ನೇ ಮೂಲ ಕೇಳಿದ್ರು. ಅಂದ್ರೆ ಯಾವ ಸಂಖ್ಯೆಯನ್ನ 23 ಸಲ ಬರೆದು ಗುಣಿಸಿದ್ರೆ ಇದು ಬರುತ್ತೆ ಅಂತ. ಶಕುಂತಲಾ ದೇವಿ 50 ಸೆಕೆಂಡಿನಲ್ಲಿ ಹೇಳಿದ್ರು: 546,372,891. ಯುನಿವ್ಯಾಕ್ ಕಂಪ್ಯೂಟರ್‌ಗೆ 62 ಸೆಕೆಂಡ್ ಹಿಡೀತು ಅಂತ ಆಗಿನ ವರದಿ. ಕಣ್ಣಿಗೆ ಕಾಣೋ ವಿಶ್ವದಲ್ಲಿರೋ ಒಟ್ಟು ಪರಮಾಣುಗಳ ಅಂದಾಜು ಸಂಖ್ಯೆಯಲ್ಲೇ ಸುಮಾರು 81 ಅಂಕಿ. ಇದರಲ್ಲಿ 201.

ಇಲ್ಲಿ ನನ್ನ ಅಕ್ಕನ ಮಗಳು ಮತ್ತೆ "ಗಾಡ್ ಗಿಫ್ಟ್" ಅಂದ್ಲು. ನಿಧಾನ ಅಂದೆ. ಈ 201 ಅಂಕಿಯ ಸಂಖ್ಯೆ ಮುಗಿಯೋದು 71ರಲ್ಲಿ. ಅಷ್ಟರಿಂದಲೇ ಉತ್ತರದ ಕೊನೆಯ ಎರಡು ಅಂಕಿ ತೆಗೀಬಹುದು. ಹೇಗೆ?

ಕೊನೆಯ ಅಂಕಿ ಒಂದು. 23 ಸಲ ಗುಣಿಸಿದಾಗ ಕೊನೆಗೆ ಒಂದು ಬರಬೇಕಾದ್ರೆ ಮೂಲದ ಕೊನೆಯಲ್ಲೂ ಒಂದೇ ಇರಬೇಕು, ಬೇರೆ ಯಾವ ಅಂಕಿಯಿಂದಲೂ ಆಗಲ್ಲ. ಈಗ ಹತ್ತರ ಮನೆ. 91 ತಗೊಳ್ಳಿ. 91 ಇಂಟು 91 ಅಂದ್ರೆ 8,281. ಇನ್ನೊಂದು ಸಲ ಗುಣಿಸಿದ್ರೆ 7,53,571. ಹತ್ತರ ಮನೆ ಒಂಬತ್ತು, ಎಂಟು, ಏಳು ಅಂತ ಹೋಯ್ತು. ಪ್ರತಿ ಸಲ ಒಂಬತ್ತು ಕೂಡ್ತಾ ಇದೆ ಅಷ್ಟೇ: 9, 18, 27. 23 ಸಲಕ್ಕೆ 207. ಕೊನೆಯ ಅಂಕಿ ಏಳು. ನಮಗೆ ಬೇಕಾಗಿದ್ದೂ ಏಳೇ. ಒಂದರಿಂದ ಒಂಬತ್ತರ ತನಕ ಬೇರೆ ಯಾವುದನ್ನ ಹಾಕಿದ್ರೂ ಏಳು ಬರಲ್ಲ. ಹಾಗಾಗಿ ಉತ್ತರ 91ರಲ್ಲೇ ಮುಗೀಬೇಕು. ಒಂಬತ್ತು ಅಂಕಿಯಲ್ಲಿ ಎರಡು, ಸನವಳ್ಳಿಯಲ್ಲಿ ಕೂತು ಸಿಕ್ತು.

ಉಳಿದ ಏಳು ಅಂಕಿ ಸುಲಭ ಅಲ್ಲ. ಅದಕ್ಕೆ ಲಾಗರಿದಮ್ ಬಾಯಿಪಾಠ ಇರಬೇಕು, ವರ್ಷಗಟ್ಟಲೆ ಅಭ್ಯಾಸ ಬೇಕು. ಆದ್ರೆ ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನೋದು ಗೊತ್ತಾಯ್ತಲ್ಲ.

ಆ ಉತ್ತರವನ್ನೇ ಇನ್ನೊಮ್ಮೆ ನೋಡಿ. 5, 4, 6, 3, 7, 2, 8, 9, 1. ಒಂದರಿಂದ ಒಂಬತ್ತರ ತನಕ ಎಲ್ಲಾ ಅಂಕಿ ಒಂದೊಂದೇ ಸಲ! ಐದರಿಂದ ಒಂದು ಕೆಳಗೆ ನಾಲ್ಕು, ಎರಡು ಮೇಲೆ ಆರು, ಮೂರು ಕೆಳಗೆ ಮೂರು, ನಾಲ್ಕು ಮೇಲೆ ಏಳು, ಐದು ಕೆಳಗೆ ಎರಡು, ಆರು ಮೇಲೆ ಎಂಟು. ಉಯ್ಯಾಲೆ ಹಾಗೆ. ಅದೇ ಲೆಕ್ಕಕ್ಕೆ ಕೊನೆಯಲ್ಲಿ 19 ಬರಬೇಕಿತ್ತು, 91 ಇದೆ. ಇದು ಸುಮ್ಮನೆ ಬಿದ್ದ ಸಂಖ್ಯೆ ಅಂತ ನನಗೆ ಅನ್ನಿಸಲ್ಲ, ಯಾರೋ ಕೂತು ಜೋಡಿಸಿದ ಹಾಗಿದೆ. ಅಂಕಿಗಳ ಮೊತ್ತ 45, ಒಂಬತ್ತು ಹೋಗುತ್ತೆ. ಭಾಗಿಸಿ ನೋಡಿದ್ರೆ 27 ಕೂಡ ಹೋಗುತ್ತೆ. ಹಾಗಾಗಿ ಆ 201 ಅಂಕಿಯ ಸಂಖ್ಯೆಯನ್ನ ಮೂರರಿಂದ ಸರಿಯಾಗಿ 69 ಸಲ ಭಾಗಿಸಬಹುದು. ಮತ್ತೆ 69! ಇದು ಕಾಕತಾಳೀಯ ಮಾತ್ರ. ದಯವಿಟ್ಟು ಯಾರೂ ಇದನ್ನ ಲಕ್ಕಿ ನಂಬರ್ ಮಾಡ್ಕೋಬೇಡಿ.

ಈಗ ಆ ಗಾಡ್ ಗಿಫ್ಟ್ ವಿಷಯ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞ ಶಕುಂತಲಾ ದೇವಿಯವರನ್ನ ಪರೀಕ್ಷೆ ಮಾಡಿದ್ರು. 61,629,875ರ ಘನಮೂಲ ಎಷ್ಟು ಅಂತ ಕೇಳಿದ್ರು. ಪ್ರೊಫೆಸರ್ ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದು ಮುಗಿಸೋ ಮೊದಲೇ ಉತ್ತರ ಬಂತು, 395. ಆದ್ರೆ ಅದೇ ಪ್ರೊಫೆಸರ್ ಸಾಮಾನ್ಯ ಚುರುಕುತನದ ಸಣ್ಣಪುಟ್ಟ ಪರೀಕ್ಷೆಗಳನ್ನೂ ಕೊಟ್ಟಿದ್ರು. ಅದರಲ್ಲಿ ಅವರು ಬೇರೆಯವರಿಗಿಂತ ವಿಶೇಷ ಏನೂ ಇರಲಿಲ್ಲ. ಮಿದುಳೇ ಮಿಂಚಿನ ವೇಗದ್ದು ಅಂತ ಅಲ್ಲ. ಸರ್ಕಸ್‌ನಲ್ಲಿ ಕೆಲಸ ಮಾಡ್ತಿದ್ದ ಅಪ್ಪನ ಜೊತೆ ಮೂರನೇ ವಯಸ್ಸಿನಿಂದ ಇಸ್ಪೀಟ್ ಎಲೆ, ಅಂಕಿ ಅಂತ ಆಡ್ತಾ ಬೆಳೆದವರು. ನಮಗೆ ಮನೆಮಾತು ಹೇಗೋ ಅವರಿಗೆ ಅಂಕಿ ಹಾಗೆ. ಅವರಲ್ಲಿ ಏನೋ ವಿಶೇಷ ಇರಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಆ ವಿಶೇಷದ ಹಿಂದೆ ದಾರಿಗಳಿವೆ, ಸ್ವಲ್ಪ ದೂರ ನಾವೂ ನಡೀಬಹುದು.

ಆ ಘನಮೂಲವನ್ನ ನೀವೇ ಮಾಡಿ. 400ರ ಘನ 6 ಕೋಟಿ 40 ಲಕ್ಷ. ಕೊಟ್ಟಿದ್ದು 6 ಕೋಟಿ 16 ಲಕ್ಷ ಚಿಲ್ಲರೆ, ಸ್ವಲ್ಪ ಕಮ್ಮಿ. ಕೊನೆಯಲ್ಲಿ ಐದಿದೆ, ಮೂಲದ ಕೊನೆಯಲ್ಲೂ ಐದೇ ಇರಬೇಕು. 400ಕ್ಕೆ ಸ್ವಲ್ಪ ಕಮ್ಮಿ, ಐದರಲ್ಲಿ ಮುಗಿಯೋದು? ಹೇಳಿಬಿಟ್ರಿ!

ಹೋಗೋ ಮುಂಚೆ ಒಂದು ಮಾತು. ನಿಮ್ಮ ಜೇಬಿನಲ್ಲೇ ಇಂಥ ದೊಡ್ಡ ಸಂಖ್ಯೆ ಇದೆ. ಆಧಾರ್ ಸಂಖ್ಯೆಯ 12 ಅಂಕಿಯಲ್ಲಿ ಕೊನೆಯದು ಬರೀ ಕಾವಲಿಗೆ. ನೆದರ್ಲೆಂಡ್ಸ್‌ನ ವೆರ್ಹೂಫ್ ಅನ್ನೋ ಗಣಿತಜ್ಞ 1969ರಲ್ಲಿ ಕೊಟ್ಟ ವಿಧಾನ ಅದು. ಒಂದು ಅಂಕಿ ತಪ್ಪಿದ್ರೂ, ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದ್ರೂ ಅದು ಹಿಡಿಯುತ್ತೆ. ನಮ್ಮ ಅಂಗಡಿಯ ಲೆಕ್ಕದ ಪುಸ್ತಕಕ್ಕೆ ಆ ಕಾವಲು ಇರಲಿಲ್ಲ. ಗುಮಾಸ್ತರು ಇದ್ರು, ಅವರಿಗೆ ಒಂಬತ್ತು ಗೊತ್ತಿತ್ತು. ಗೊತ್ತಿಲ್ಲದೇ ಹೋಗಿದ್ರೆ ಆ ಹುಡುಗನ ಪಗಾರ ಹೋಗ್ತಿತ್ತು, ಹೆಸರೂ ಹೋಗ್ತಿತ್ತು.

ನನ್ನ ಅಕ್ಕನ ಮಗಳು ಏನು ತಗೊಂಡ್ಲು ಅಂತ ಕೇಳ್ತೀರಾ? ಅರ್ಜಿ ಇನ್ನೂ ತುಂಬಿಲ್ಲ. ಅವಳಿಷ್ಟ, ನಾನು ಒತ್ತಾಯ ಮಾಡಲ್ಲ. ಈಗ ಅವಳು ದಂಡೆ ಮೇಲೆ ನಿಲ್ಲಿಸಿರೋ ಬೈಕ್‌ಗಳ ನಂಬರ್ ನೋಡ್ತಾ ಯಾವುದಕ್ಕೆ ಹನ್ನೊಂದು ಹೋಗುತ್ತೆ ಅಂತ ಹುಡುಕ್ತಾ ಇದಾಳೆ. ಇಲ್ಲಿಯ ತನಕ ಒಂದು ಸಿಕ್ಕಿದೆಯಂತೆ.

ನೀವೂ ಹುಡುಕಿ.